ಸಂಡೂರಿನಿಂದ ಬಂದ ತೀರ್ಥ

"ಮೊದ್ಲು ಹುಡುಗಿ ಈ ತೀರ್ಥ ಕುಡೀಲಿ, ಆಮ್ಯಾಲೆ ಮುಂದಿನ ಮಾತು," ಎಂದು ಸಂಡೂರಿನ ಕುಮಾರಮ್ಮ ವ್ಯಾನಿಟಿ ಬ್ಯಾಗಿನಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಟೀಪಾಯಿಯ ಮೇಲೆ ಕುಕ್ಕಿದಾಗ, ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದ ಪಂಪಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಹೊರಗೆ ಇಣುಕಿದಳು.

ಅಕ್ಕ ಗಂಗಾಂಬಿಕಾ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದಳು. "ಪೂಜಿತಾನ್ನ ನೋಡಾಕ ಬಂದೋರು ಹೋಗೋ ತನಕ ನೀ ಹೊರಗ ಬರಬ್ಯಾಡ. ನೀ ಬಳ್ಳಾರಿ ಹಾಸ್ಟೆಲ್‌ನಾಗ ಅಡುಗಿ ಮಾಡ್ತಿದ್ದಿ ಅಂತ ಹೇಳೀನಿ. ನನ್ನ ಮಗಳ ಸಂಬಂಧ ನಿನ್ನಿಂದ ಮುರುದ್ರ, ನಿನ್ನ ಗಂಟುಮೂಟಿ ಬೀದ್ಯಾಗ ಇಡ್ತೀನಿ ನೋಡು." ಅಡುಗೆ ಮಾಡಿದ್ದು ಸುಳ್ಳಲ್ಲ ಬಿಡಿ. ಹಾಸ್ಟೆಲ್ ಎಂಬುದಷ್ಟೇ ಸುಳ್ಳು. ಅದು ಜೈಲು. ಕೊಲೆ ಕೇಸು, ಜೀವಾವಧಿ. ಸನ್ನಡತೆಯ ಮೇಲೆ ಹೊರಬಂದು ಚಿತ್ತವಾಡ್ಗಿಯ ಈ ಮನೆ ಸೇರಿದ ಮೇಲೆ ಪಂಪಮ್ಮ ಇನ್ನೂ ಒಂದು ಯುಗಾದಿಯನ್ನೂ ಕಂಡಿರಲಿಲ್ಲ. ಬೇರೆ ಯಾವ ನೆಂಟರೂ ಹೊಸ್ತಿಲು ತುಳಿಯಗೊಡದವಳನ್ನು ಅಕ್ಕ ಒಳಗೆ ಕರೆದುಕೊಂಡಿದ್ದಳು. ಈ ಸೂರು ತಪ್ಪಿದರೆ ಅವಳಿಗೆ ಗತಿಯಿಲ್ಲ.

"ಯಾರ್ ಕೊಟ್ಟ ತೀರ್ಥರೀ ಇದು?" ಗಂಗಾಂಬಿಕಾ ಹಲ್ಲು ಬಿಡುತ್ತಾ ಕೇಳಿದಳು.

"ನಮ್ಮ ಮೌನಿ ಅಪ್ಪಾಜಿದು. ಹಂಪಿ ಕಡೆ ಗುಡ್ಡದ ಮ್ಯಾಲ ಇರ್ತಾರ. ಮಾತಾಡಂಗಿಲ್ಲ, ಬರೇ ಬೆರಳು. ಒಂದು ಬೆರಳು ಎತ್ತಿದ್ರ ಹೂಂ, ಎರಡು ಎತ್ತಿದ್ರ ಬ್ಯಾಡ. ನಿಮ್ಮ ಹುಡುಗಿ ಫೋಟೋಕ ಒಂದು ಎತ್ಯಾರ. ಅಪ್ಪಾಜಿ ಬೆರಳು ಎತ್ತಿದ ಮ್ಯಾಲ ನಮ್ಮನ್ಯಾಗ ಯಾರೂ ಯಾಕ ಅಂತ ಕೇಳಂಗಿಲ್ರಿ!"

ಪಕ್ಕದಲ್ಲಿ ಕುಮಾರಮ್ಮನ ಮಗ ಸಾಗರ, ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ದುಡಿಯುವ ದಷ್ಟಪುಷ್ಟ ಗಂಡು, ದಿವಾನಿನ ಹೊದಿಕೆಯ ದಾರ ಕೀಳುತ್ತಾ ಕೂತಿದ್ದ. ಪೂಜಿತಾ ತಾಯಿಯ ಮುಖ ನೋಡಿದಳು. ಸುಮ್ಮನೆ ಕುಡಿ ಎಂದು ತಾಯಿ ಕಣ್ಣಲ್ಲೇ ಗದರಿದಳು. ಹುಡುಗಿ ಬಾಟಲಿಯತ್ತ ಕೈ ಚಾಚಿದ್ದೇ ತಡ, ಪಂಪಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದೇ ಬಿಟ್ಟಳು. ಗಂಗಾಂಬಿಕಾಳ ಮುಖ ಇಂಗು ತಿಂದ ಮಂಗನಂತಾಯಿತು.

"ಓಹೋ, ಹಾಸ್ಟೆಲ್‌ನಾಗ ಇದ್ದ ತಂಗಿ ಇವ್ರೇನು?" ಎಂದು ಕುಮಾರಮ್ಮ ತಟ್ಟೆ ತೆಗೆದುಕೊಂಡರು.

"ಹೂಂರಿ. ಅಕ್ಕಾರ, ತೀರ್ಥ ಮೊದ್ಲು ನೀವು ಒಂದು ಗುಟುಕು ತಗೋರಿ, ಆಮ್ಯಾಲೆ ನಮ್ಮ ಹುಡುಗಿ ಕುಡೀತಾಳ."

"ಅಯ್ಯ, ಹಂಗೆಲ್ಲ ನಾ ಕುಡಿಯಾಂಗಿಲ್ಲವ್ವ! ಹುಡುಗಿಗಂತಾನ ಮಂತ್ರಿಸಿ ಕೊಟ್ಟಿದ್ದು."

"ನಾನೂ ಹಿಂಗ ಅಂದಿದ್ದೆ ನೋಡ್ರಿ," ಎಂದು ಪಂಪಮ್ಮ ಆರಾಮಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಕಂಪ್ಲಿ ಹೊಳಿ ದಂಡ್ಯಾಗ ನಮ್ಮ ಗುರು ಬೆಳಕಿನಪ್ಪನ ಆಶ್ರಮ ಇತ್ತು. ಜಮೀನಿನ ತಕರಾರು ತೆಗೆದ ಮಾಸ್ತರೊಬ್ರಿಗೆ ಕೊಡು ಅಂತ ನನ್ನ ಕೈಯಾಗ ಮಂತ್ರಿಸಿದ ಹಾಲು ಕೊಟ್ಟ. 'ನೀವೂ ಸ್ವಲ್ಪ ಕುಡೀರಮ್ಮ' ಅಂದ್ರು ಮಾಸ್ತರು. ಇಲ್ರಿ, ನಿಮಗಂತಾನ ಮಂತ್ರಿಸಿದ್ದು ಅಂದೆ."

"ಕುಡುದ್ರಾ?" ಕುಮಾರಮ್ಮ ಉಪ್ಪಿಟ್ಟಿನ ದೊಡ್ಡ ತುತ್ತು ಬಾಯಿಗಿಟ್ಟರು.

"ಕುಡುದ್ರು."

"ಒಳ್ಳೇದಾಗಿರ್ಬೇಕು!"

"ಅವ್ರ ಫೋಟೋಕ ಹಾರ ಬಿತ್ರಿ. ನನಗ ಜೈಲಾತು. ತಿನ್ರಿ, ತಿನ್ರಿ, ಉಪ್ಪಿಟ್ಟು ನಾನ ಮಾಡಿದ್ದು."

ಆ ತುತ್ತು ಕುಮಾರಮ್ಮನ ಬಾಯಲ್ಲಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಗನ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಹೋದವರು ಆಟೋ ಹತ್ತಿದ ಮೇಲೇ ಉಗುಳಿದ್ದು.

"ಮುರುದ್ಯಲ್ಲ! ನನ್ನ ಮಗಳ ಬಾಳು ಮುರುದ್ಯಲ್ಲ ತಾಯಿ!" ಗಂಗಾಂಬಿಕಾ ಹಣೆ ಹಣೆ ಬಡಿದುಕೊಂಡಳು. ಪಂಪಮ್ಮ ತನ್ನ ಎರಡು ಸೀರೆ ಮಡಚಿ ಚೀಲಕ್ಕೆ ತುಂಬತೊಡಗಿದಳು. ಅವತ್ತು ಆ ಹಾಲಿನಿಂದ ಭತ್ತದ ಹುಳಕ್ಕೆ ಹೊಡೆಯುವ ವಿಷದೆಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿದಿತ್ತು. ಆದರೂ ಇದರಲ್ಲಿ ಏನಿದೆಯಪ್ಪಾ ಎಂದು ಅವಳು ಕೇಳಿರಲಿಲ್ಲ. ಕೇಳದಿರುವುದೇ ಭಕ್ತಿ ಎಂದುಕೊಂಡಿದ್ದಳು. ಜೈಲಿನಿಂದ ಬಿಡುಗಡೆಯಾಗಿತ್ತು, ಮಾಸ್ತರರ ಮುಖದಿಂದ ಆಗಿರಲಿಲ್ಲ. ಕಣ್ಣೊರೆಸಿಕೊಂಡು ಚೀಲದ ಬಾಯಿ ಕಟ್ಟಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಸಾಗರ!

"ಅವ್ವ ಬಾಟ್ಲಿ ಮರ್ತು ಹೋಗ್ಯಾಳ್ರಿ," ಎಂದ. ಬಾಟಲಿ ಕಣ್ಣೆದುರೇ ಇತ್ತು. ಅವನ ಕಣ್ಣು ಮಾತ್ರ ಪೂಜಿತಾಳ ಕಡೆ.

"ಬಂದೀರಿ, ಕುಂದ್ರಿ. ಚಾನಾದ್ರೂ ಕುಡುದು ಹೋಗ್ರಿ," ಎಂದಳು ಪಂಪಮ್ಮ.

"ಚಾ?" ಹುಡುಗನ ಮುಖ ಅರಳಿತು. "ನಮ್ಮನ್ಯಾಗ ಚಾ ಬಂದ್ ಆಗಿ ಎರಡು ವರ್ಷ ಆತ್ರಿ. ಅಪ್ಪಾಜಿ ಎರಡು ಬೆರಳು ಎತ್ತಿಬಿಟ್ಟಾರ."

ಗಂಗಾಂಬಿಕಾಳ ಅಳು ತಟ್ಟನೆ ನಿಂತಿತು. ಪಂಪಮ್ಮ ಬಿಸಿಬಿಸಿ ಚಹಾ ತಂದು ಕೈಗಿಟ್ಟಳು. ಸಾಗರ ಲೋಟ ತುಟಿಯ ತನಕ ಒಯ್ದವನು ಅಲ್ಲೇ ತಡೆದ. ಮೂಸಿದ. ಲೋಟ ನೋಡಿದ, ಪಂಪಮ್ಮನನ್ನು ನೋಡಿದ. ನಾಚಿಕೆಯಿಂದ ಕಿವಿ ಕೆಂಪಾದರೂ ಬಿಡಲಿಲ್ಲ.

"ಸಿಟ್ಟಾಗಬ್ಯಾಡ್ರಿ... ಇದ್ರಾಗ ಏನೇನ್ ಹಾಕೀರಿ?"

ಮತ್ತೆ ಕೆಟ್ಟಿತು ಎಂದು ಗಂಗಾಂಬಿಕಾ ಕಣ್ಣು ಮುಚ್ಚಿಕೊಂಡಳು. ಪಂಪಮ್ಮನಿಗೆ ಮಾತ್ರ ಎಲ್ಲಿಲ್ಲದ ಖುಷಿಯಾಗಿ, ಮನೆಯೆಲ್ಲ ಕೇಳುವಂತೆ ನಕ್ಕುಬಿಟ್ಟಳು.

"ಹಾಲು, ಚಾಪುಡಿ, ಬೆಲ್ಲ, ಶುಂಠಿ, ಏಲಕ್ಕಿ. ಅಷ್ಟ ನೋಡಪ್ಪ," ಎಂದವಳು ಪೂಜಿತಾಳತ್ತ ತಿರುಗಿದಳು. "ಹುಡುಗಿ, ಇವ ಕೇಳಿ ಕುಡೀತಾನ. ಹೂಂ ಅನ್ನು."