ಡ್ರಮ್ಮಿನೊಳಗಿನ ಮುಖ

ನಮ್ಮೂರ ಬಾವಿಯ ನೀರನ್ನು ಪಟ್ಟಣಕ್ಕೆ ಮಾರಿದಾಗ ನಮ್ಮ ಪ್ರತಿಬಿಂಬಗಳೂ ಅದರ ಜೊತೆಗೇ ಹೋದವು. ಈಗ ಕನ್ನಡಿಯಲ್ಲೂ ನಾವು ಕಾಣುವುದಿಲ್ಲ. ನನ್ನ ಬೈತಲೆಯನ್ನು ಚಿಕ್ಕಮ್ಮ ತೆಗೆಯುತ್ತಾಳೆ, ಅವಳ ಕುಂಕುಮವನ್ನು ನಾನು ಇಡುತ್ತೇನೆ.

ಮದುವೆಗೆ ಮುಂಚೆ ಒಮ್ಮೆಯಾದರೂ ನನ್ನ ಮುಖ ನೋಡಿಕೊಳ್ಳಬೇಕು ಅನ್ನಿಸಿತು. ಪಟ್ಟಣದಲ್ಲಿ ನಮ್ಮ ನೀರು ಹೋಗುವ ಮನೆಯೊಂದನ್ನು ಹುಡುಕಿಕೊಂಡು ಹೋದೆ.

“ನೋಡ್ಕೋ ತಾಯಿ. ನೀರು ಮಾರಿಸಿದ ನಿಮ್ಮ ಗೌಡ್ರೂ ಹೋದ ವಾರ ಬಂದು ಮೀಸೆ ತಿದ್ಕೊಂಡು ಹೋದ್ರು,” ಎಂದು ನಗುತ್ತ ಆ ಮನೆಯ ಪಂಕಜಮ್ಮ ಡ್ರಮ್ಮಿನ ಮುಚ್ಚಳ ತೆಗೆದರು.

ನೀರಿನಲ್ಲಿ ನಾನಿದ್ದೆ. ಎಷ್ಟು ಚೆಂದವಿದ್ದೆ! ನಾನು ನಕ್ಕೆ, ಅವಳು ನಗಲಿಲ್ಲ. ಪಂಕಜಮ್ಮನ ಕಡೆ ತಿರುಗಿ ತುಟಿ ಅಲುಗಿಸಿದಳು.

“ಏನಂತಾಳೆ?” ಎಂದೆ.

ಪಂಕಜಮ್ಮನ ನಗು ನಿಂತುಹೋಗಿತ್ತು.

“ಯಾರಮ್ಮಾ ಈ ಹುಡುಗಿ ಅಂತ ಕೇಳ್ತಿದಾಳೆ.”