ಬಿಟ್ಟ ಮಾತ್ರೆ

“ನಿದ್ದೆ ಮಾತ್ರೆ ಬಿಟ್ಟು ಮೂರು ತಿಂಗಳಾಯ್ತಪ್ಪ, ಈಗ ಮಗು ಥರ ಮಲಗ್ತೀನಿ. ಆದ್ರೂ ತಿಂಗಳು ತಿಂಗಳು ‘ಮಾತ್ರೆ ರೆಡಿ’ ಅಂತ ಮೆಸೇಜ್ ಕಳಿಸ್ತೀರಲ್ಲ, ನಿಲ್ಸಿ ಅದನ್ನ!” ಟೀಚರಮ್ಮ ಔಷಧಿ ಅಂಗಡಿಯ ಗಾಜಿನ ಮೇಲೆ ಬೆರಳು ಕುಟ್ಟಿದರು.

ಅಂಗಡಿಯವನು ಕಂಪ್ಯೂಟರಿನತ್ತ ಕಣ್ಣು ಹಾಯಿಸಿದ. “ಮೂರು ಸಲನೂ ನಿಮ್ಮ ಯಜಮಾನ್ರು ಬಂದು ತಗೊಂಡು ಹೋಗಿದಾರಲ್ಲ, ಮೇಡಂ?”

“ಅವರಾ? ದಿಂಬು ಕಂಡ್ರೆ ಸಾಕು, ಗೊರಕೆ ಶುರು ಮಾಡೋ ಆಸಾಮಿ! ಅವರಿಗ್ಯಾಕೆ ಮಾತ್ರೆ?”

ಅವನು ನಕ್ಕು, ಯಜಮಾನರ ಕೀರಲು ದನಿಯನ್ನೇ ಗಂಟಲಿಗೆ ತಂದುಕೊಂಡ: “‘ನಮ್ಮವಳಿಗೆ ನುಂಗೋಕೆ ಕಷ್ಟ ಕಣಪ್ಪ. ಚೆನ್ನಾಗಿ ಪುಡಿಯಾಗೋದೇ ಕೊಡು’ ಅಂದಿದ್ರು!”

ಕುಟ್ಟುತ್ತಿದ್ದ ಬೆರಳು ನಿಂತಿತು. ಮಾತ್ರೆ ಬಿಟ್ಟ ದಿನದಿಂದ ಪ್ರತಿ ರಾತ್ರಿ ಯಜಮಾನರು ಧಾರಾಳವಾಗಿ ಸಕ್ಕರೆ ಸುರಿದು, ಪಕ್ಕದಲ್ಲೇ ಕೂತು ಕುಡಿಸುತ್ತಿದ್ದ ಹಾಲು ಟೀಚರಮ್ಮನ ನಾಲಿಗೆಯ ಮೇಲೆ ಈಗ ಕಹಿಯಾಯಿತು.