ಜರ್ಮನಿಯವನು ಬರೆದ ಪತ್ರ

"ಏ ಪ್ರಿಯಾ, ಜರ್ಮನಿಯಂವ ಯಾವನೋ ನನ್ನ ಮೇಲ್‌ನ್ಯಾಗ ಹೊಕ್ಕಾನ! ಹೊಕ್ಕು ನಿನಗ ಬಂದ ರಾಣೆಬೆನ್ನೂರಿನ ಸಂಬಂಧಾನ ಮುರದು ಒಗದಾನ!"

ಹರಿಪ್ರಿಯಾ ಚಹಾದ ಕಪ್ಪನ್ನು ಬಸಿಯಲ್ಲಿ ಇಡಹೋಗಿ ಅರ್ಧ ಚೆಲ್ಲಿದಳು. ಬಾಗಿಲಲ್ಲಿ ನಿಂತ ಅಪ್ಪ ಪ್ರಭಾಕರ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬ್ಯಾಡಗಿಯ ಸಬ್ ರಜಿಸ್ಟ್ರಾರ್ ಕಚೇರಿ ಎದುರು ಕೂತು ಊರವರ ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆದುಕೊಡುವ ಮನುಷ್ಯ. ಅವನು ಇಷ್ಟು ಬೆವರಿದ್ದನ್ನು ಅವಳು ನೋಡಿರಲಿಲ್ಲ.

"ಜರ್ಮನಿ ಅಂತ ಯಾರು ಹೇಳಿದ್ರಪ್ಪಾ?"

"ಮೇಲ್ ಕಂಪನಿಯವ್ರೇ ಎಚ್ಚರಿಕಿ ಕಳಿಸ್ಯಾರ. ನಿನ್ನೆ ಮಧ್ಯಾಹ್ನ ಮೂರೂ ಹತ್ತಕ್ಕ ಜರ್ಮನಿಯಿಂದ ಯಾರೋ ತೆಗದಾರ, ನೀವೇ ಏನು ಅಂತ ಕೇಳ್ಯಾರ!"

ಮೂರೂ ಹತ್ತಕ್ಕೆ ಅವಳು ಹಾವೇರಿಯ ಕಾಲೇಜಿನ ಕಟ್ಟೆ ಮೇಲೆ ಕೂತು, ಗೆಳತಿ ರೋಹಿಣಿ ತೋರಿಸಿದ ಪ್ರಾಕ್ಸಿ ವೆಬ್‌ಸೈಟಿನಿಂದ ಅಪ್ಪನ ಮೇಲ್ ತೆರೆದಿದ್ದಳು. ಅಪ್ಪನಿಗೆ ಆ ಪಾಸ್‌ವರ್ಡು ಹಾಕಿಕೊಟ್ಟವಳೂ ಹರಿಪ್ರಿಯಾಳೇ. "ಇದು ನಡುವ ನಿಂತು ಬ್ಯಾರೆ ದೇಶದ ಕಂಪ್ಯೂಟರಿನಿಂದ ತೆಗಿತದ. ನಿನ್ನ ಗುರುತ ಸಿಗೂದಿಲ್ಲ," ಎಂದಿದ್ದಳು ರೋಹಿಣಿ. ಗುರುತು ಸಿಗಲಿಲ್ಲ, ಖರೆ. ಆದರೆ ಮನೆಯಲ್ಲಿ ಇಷ್ಟು ಗದ್ದಲ ಏಳುತ್ತದೆಂದು ಆ ಮಹಾರಾಯ್ತಿ ಹೇಳಿರಲಿಲ್ಲ.

ಅಡಿಗೆಮನೆಯಿಂದ ಅಜ್ಜಿ ಕಾಶೀಬಾಯಿ ಹೊರಬಂದಳು. "ಅಲ್ಲೋ ಪ್ರಭಾ, ಜರ್ಮನಿಯಂವಗ ನಮ್ಮ ಹುಡುಗಿ ಲಗ್ನದ ಉಸಾಬರಿ ಯಾಕ? ತಾನ ಮಾಡ್ಕೋಬೇಕಂತಾನೇನು?"

"ತಡಿಯವ್ವಾ, ನಗೂ ಹೊತ್ತಲ್ಲ. ರಾಣೆಬೆನ್ನೂರಿನವ್ರು ಸಿಟ್ಟಾಗಿ ಉತ್ತರ ಬರದಾರ. ಕೆಳಗ ಆ ಕಳ್ಳ ನನ್ನ ಹೆಸರಿಲೆ ಬರದದ್ದೂ ಅದ." ಪ್ರಭಾಕರ ಕನ್ನಡಕ ಏರಿಸಿ ಫೋನು ನೋಡಿ ಓದಿದ. "'ಸದರಿ ಸಂಬಂಧವು ನಮಗೆ ಬೇಡವೆಂದು, ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ ತಿಳಿಸಿರುತ್ತೇನೆ. ನನ್ನ ಮಗಳು ಎಂ.ಎಸ್ಸಿ ಓದತಕ್ಕದ್ದು. ಈ ಬಗ್ಗೆ ಮುಂದೆ ಯಾವುದೇ ತಂಟೆ ತಕರಾರು...'"

ಓದುವುದನ್ನು ಬಿಟ್ಟು ಅವನು ಕನ್ನಡಕ ತೆಗೆದ; ಅದು ಅವನೇ ಬರೆಯುವ ಪತ್ರಗಳ ಭಾಷೆ. ಪ್ರತಿ ರವಿವಾರ ಅವನು ಹೇಳುವ ಪತ್ರಗಳನ್ನು ಟೈಪು ಮಾಡಿಕೊಡುತ್ತಿದ್ದವಳು ಹರಿಪ್ರಿಯಾ. ದೊಡ್ಡವರ ಹಾಗೆ ಬರೆಯಬೇಕೆಂದರೆ ಅವಳಿಗೆ ಬರುತ್ತಿದ್ದ ಭಾಷೆ ಅದೊಂದೇ.

"ಹಾವೇರ್ಯಾಗ ಸೈಬರ್ ಠಾಣೆ ಅದಂತಲ್ಲೋ. ಲಗೂನ ಹೋಗಿ ಕಂಪ್ಲೇಂಟ್ ಕೊಡು," ಎಂದಳು ಅಜ್ಜಿ.

ಪ್ರಭಾಕರ ಮಗಳನ್ನೇ ನೋಡುತ್ತಿದ್ದ. ಅವಳು ಬಸಿಯಲ್ಲಿ ಚೆಲ್ಲಿದ ಚಹಾ ನೋಡುತ್ತಿದ್ದಳು.

"ಎಂ.ಎಸ್ಸಿ ವಿಚಾರ ನೀ ಅಪ್ಪನ ಮುಂದ ಹೇಳಿಲ್ಲ," ಎಂದ ಮೆಲ್ಲಗೆ. "ಜರ್ಮನಿಯಂವಗ ಗೊತ್ತದ ನೋಡು."

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ..."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ರಾಣೆಬೆನ್ನೂರಿನವ್ರು ನಾಳೆ ಹನ್ನೊಂದಕ್ಕ ಮನಿಗೇ ಬರ್ಲಿಕ್ಕತ್ತಾರ, ಏನ್ ತಪ್ಪಾತು ಕೇಳ್ಲಿಕ್ಕೆ. ಆ ಜರ್ಮನಿಯಂವಗ ಹೇಳು, ನನ್ನ ಬಾಜೂಕ ಬಂದು ಕುಂದರ್ಲಿ. ಬರಕೊಟ್ಟವ್ರು ಖುದ್ದ ಹಾಜರಿರಲಿಲ್ಲಂದ್ರ ಯಾವ ಪತ್ರಾನೂ ನೋಂದಣಿ ಆಗೂದಿಲ್ಲ."